ಡಬ್ಬಿಯಿಂದ ತೆಗೆದ ಮಾತ್ರೆಗಳು

ಅಕ್ಟೋಬರ್ 12, 1999, ಮಂಗಳವಾರ. ಯೂನಿಯನ್ ಸಿಟಿ.

ತಮ್ಮ ಅಭಿರಾಮನ ಕತ್ತಿನ ಗಂಟು ಕ್ಯಾನ್ಸರೇ. ಅವನಿಗೆ ನಾನು ಕಿಡ್ನಿ ಕೊಟ್ಟು ಈ ತಿಂಗಳಿಗೆ ನಾಲ್ಕು ವರ್ಷ. ಅವನ ಮೈ ಅದನ್ನು ಹೊರಗಿನದೆಂದು ತಳ್ಳದಿರಲೆಂದು, ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಮಾತ್ರೆಗಳನ್ನು ಎರಡು ಹೊತ್ತೂ ತಪ್ಪದೆ ನಾನೇ ಡಬ್ಬಿಗೆ ಹಾಕಿಡುತ್ತಿದ್ದೆ. ಅಮ್ಮ ಮೈಸೂರಿನಿಂದ ಕಳಿಸುತ್ತಿದ್ದ ಅಮೃತಬಳ್ಳಿ ಪುಡಿ ಎಲ್ಲಿ ಆ ಶಕ್ತಿಯನ್ನು ಎಬ್ಬಿಸಿಬಿಡುತ್ತದೋ ಎಂದು ಕಸಕ್ಕೆ ಸುರಿದು, ಫೋನಿನಲ್ಲಿ ಮಾತ್ರ ಕೊಡುತ್ತಿದ್ದೇನೆ ಎನ್ನುತ್ತಿದ್ದೆ. ಎಷ್ಟು ಜಾಣೆ ನಾನು!

ಹಾಗೆ ಅಡಗಿಸಿಟ್ಟದ್ದರಿಂದಲೇ ಇಂಥ ಕ್ಯಾನ್ಸರು ಬೆಳೆಯುತ್ತದಂತೆ. ಮೊದಲು ಮಾತ್ರೆಗಳನ್ನು ಅರ್ಧಕ್ಕೆ ಇಳಿಸಿ ಎಂದರು ಡಾಕ್ಟರು. ಮೈ ಎಚ್ಚೆತ್ತರೆ ಗಂಟನ್ನು ತಾನೇ ಕರಗಿಸಬಹುದು. ಆದರೆ ಕಿಡ್ನಿಯನ್ನೂ ಸುಮ್ಮನೆ ಬಿಡಲಿಕ್ಕಿಲ್ಲ.

ಆಸ್ಪತ್ರೆಯಿಂದ ಫ್ರೀವೇ ಹಿಡಿದು ಮನೆಗೆ ಬಂದೆವು. ಅಪಾರ್ಟ್‌ಮೆಂಟಿನ ಮುಂದೆ ಕಾರು ನಿಲ್ಲಿಸಿದಾಗ, "ಅಕ್ಕಾ, ನಿನ್ ಕಿಡ್ನಿ ವೇಸ್ಟ್ ಆಗ್ಬಿಟ್ರೆ ಬೇಜಾರ್ ಮಾಡ್ಕೋಬೇಡ" ಎಂದ.

"ಬಾಯ್ ಮುಚ್ಚೋ, ನೀನ್ ಉಳ್ಕೊಂಡ್ರೆ ಸಾಕು" ಎಂದು ಗದರಿದೆ. ನಿಜವಾಗಿಯೂ ಅಷ್ಟೇ ಸಾಕು ಎಂದುಕೊಂಡಿದ್ದೆ.

ಊಟವಾದ ಮೇಲೆ ಡಬ್ಬಿ ತುಂಬಿಸಲು ಕೂತರೆ, ಕೈ ಅಭ್ಯಾಸದಂತೆ ಎಲ್ಲ ಮಾತ್ರೆಗಳನ್ನೂ ಹಾಕಿತ್ತು. ಅರ್ಧದಷ್ಟನ್ನು ಒಂದೊಂದಾಗಿ ತೆಗೆದೆ. ಮುಗಿದಾಗ ನೋಡಿಕೊಂಡೆ. ನನ್ನ ಎಡಗೈ ಅಷ್ಟು ಹೊತ್ತೂ, ಕಿಡ್ನಿ ತೆಗೆದ ಪಕ್ಕೆಯ ಹೊಲಿಗೆ ಗುರುತನ್ನು ಬಿಗಿಯಾಗಿ ಮುಚ್ಚಿ ಹಿಡಿದಿತ್ತು.