ನಲ್ಲಿ ರಿಪೇರಿಯವನ ನಂಬರು

ತಮ್ಮಾ ಮಹಾರಾಯ,

ಅಡುಗೆಮನೆ ನಲ್ಲಿ ಇನ್ನೂ ಸೋರ್ತಾನೇ ಇದೆ. ಕೆಳಗಿಟ್ಟ ಬಕೆಟ್ ತುಂಬಿದರೆ ಗಿಡಕ್ಕೆ ಸುರಿ.

ನೀನು ಮಲಗಿದ್ದೆ ಅಂತ ಬೆಳಿಗ್ಗೆ ನಿನ್ನ ಫೋನಿನಿಂದಲೇ "ನಲ್ಲಿ ರಿಪೇರಿ" ಅಂತ ಇದ್ದ ನಂಬರಿಗೆ ಮಾಡಿದೆ. ಎತ್ತಿದವನು, "ಏನ್ ಗುರು, ಆರು ವಾರದಿಂದ ಪತ್ತೇನೇ ಇಲ್ಲ! ಮಾಲು ಎಷ್ಟು ಬೇಕು?" ಅಂದ. ದೊಡ್ಡ ನಮಸ್ಕಾರ ಕಣೋ ನಿನಗೆ!

ಹೋದ ವಾರ ಚಿಕಿತ್ಸಾ ಕೇಂದ್ರದ ಫಾರಂನಲ್ಲಿ "ಚಟ ಬಿಡಲು ಎಷ್ಟು ಸಿದ್ಧ?" ಅನ್ನೋದಕ್ಕೆ ನೀನು ಹತ್ತಕ್ಕೆ ಹತ್ತು ಹಾಕಿ ಬಂದೆ. ಅಲ್ಲಿನ ಮೇಡಂ ಬೆನ್ನು ತಟ್ಟಿದ್ರು, ಪಕ್ಕದಲ್ಲಿ ಕೂತು ನಾನೂ ಬೀಗಿದೆ. ಹತ್ತು ಹಾಕಿದವನ ಫೋನಲ್ಲಿ ಈ ಪುಣ್ಯಾತ್ಮನಿಗೇನು ಕೆಲಸ?

ಆ ನಂಬರನ್ನ ನಾನೇ ಅಳಿಸೋಕೆ ಹೋದೆ, ಆಮೇಲೆ ಕೈ ತಡೆದೆ. ನಾನು ಅಳಿಸಿದರೆ ಆಗೋದಾಗಿದ್ದರೆ ನೀನು ಎಂದೋ ನೆಟ್ಟಗಾಗಿರ್ತಿದ್ದೆ.

ಮೂರು ಗಂಟೆಗೆ ಕೇಂದ್ರಕ್ಕೆ ಹೋಗು, ನೆಪ ಹೇಳಬೇಡ. ಡಬ್ಬಿಯಲ್ಲಿ ಊಟ ಇದೆ, ತಿಂದು ಹೋಗು. ಮತ್ತೆ ಫಾರಂ ಕೊಟ್ಟರೆ ನಿಜ ಬರಿ. ಮೂರಾದರೆ ಮೂರು. ನಿಜವಾದ ಮೂರರ ಜೊತೆ ಹೇಗೋ ಏಗ್ತೀನಿ, ಸುಳ್ಳು ಹತ್ತರ ಜೊತೆ ನನ್ನ ಕೈಲಾಗಲ್ಲ.

ಬರುವಾಗ ನಿಜವಾದ ರಿಪೇರಿಯವನನ್ನ ಕರ್ಕೊಂಡು ಬಾ. ಆ ಹೆಸರಿಗೆ ಅವನ ನಂಬರ್ ಹಾಕು, ನಿನ್ನ ಕೈಯಾರೆ.

ಅಕ್ಕ