ಗೇಟಿಗೆ ಇಟ್ಟ ಕಿವಿ

ಮಾರ್ಚ್ 3, ಮಧ್ಯಾಹ್ನ

ಮಹಾಜನಗಳೇ, ಬಾಲ್ಕನಿಯಲ್ಲಿ ಕುಳಿತವರೇ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿದವರೇ, ಸೂರ್ಯಕಾಂತಿ ಬೀಜ ಕಡಿಯುವುದನ್ನು ಗಳಿಗೆ ಹೊತ್ತು ನಿಲ್ಲಿಸಿ, ಇತ್ತ ಕಿವಿಗೊಡಿ…

ಯಾರೂ ಇಲ್ಲ. ಗೊತ್ತು. ಈ ಪುಸ್ತಕ ಓದುವವರು ಹುಟ್ಟಿಲ್ಲ. ಆದರೂ ಹೀಗೆ ಕೂಗದೆ ಶುರು ಮಾಡಲು ಬರುವುದಿಲ್ಲ. ಮರ್ಗಿಲಾನ್ ಪಟ್ಟಣದ ರಂಗದ ಮೇಲೆ ಜೀವಮಾನವಿಡೀ ರಾಜನಾಗಿದ್ದ ಗಂಟಲು ಇದು.

ಬೆಳಗ್ಗೆ ಎಂದಿನಂತೆ ಹಸಿರು ಚಹಾ. ರೊಟ್ಟಿ ಮುರಿದು ಕೊಟ್ಟೆ, ಹೆಂಡತಿ ಸಲೋಮತ್ ತಿಂದಳು. ಬಟ್ಟಲು ತೊಳೆದು ತಿರುಗಿದರೆ — ಇಲ್ಲ. ಮತ್ತೆ ಹೊರಟುಬಿಟ್ಟಿದ್ದಾಳೆ.

ಎದುರುಮನೆ ಸೊಸೆ ನಫೋಸತ್ ಕರೆತಂದಳು. ಒಂದು ಕೈಯಲ್ಲಿ ಇವಳು, ಇನ್ನೊಂದರಲ್ಲಿ ಕಸಬರಿಗೆ. ಓಣಿಯ ಸೊಸೆಯರೆಲ್ಲ ಮುಂಜಾನೆ ಮಾಡುವ ಹಾಗೆ ಬಾಗಿಲ ಮುಂದೆ ಗುಡಿಸುತ್ತಿದ್ದಾಗ ಇವಳು ಕಾಲುವೆಯ ಕಡೆ ನಡೆದದ್ದು ಕಂಡಿತಂತೆ.

"ತಾತ, ಅಜ್ಜಿ ನಾಟಕಕ್ಕೆ ಹೊತ್ತಾಯ್ತು ಅಂತಿದ್ರು. ಬನ್ನಿ ಅಜ್ಜಿ, ನಿಮ್ಮನೇಲೇ ನಾಟಕ ಅಂತ ಹೇಳಿ ಕರ್ಕೊಂಬಂದೆ."

ಪುಣ್ಯಾತ್ಗಿತ್ತಿ. ಪ್ರತಿ ಸಲವೂ ಅವಳೇ.

ಸಲೋಮತ್ ನಮ್ಮ ನಾಟಕ ಕಂಪನಿಯ ಪ್ರಾಂಪ್ಟರ್. ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆಲ್ಲ ಮಾತು ಎತ್ತಿಕೊಟ್ಟವಳು. ಇವತ್ತು ನನ್ನ ಹೆಸರು ಕೇಳಿದಳು. ತುರ್ಗುನ್ ಎಂದೆ. "ಒಳ್ಳೇ ಹೆಸರು" ಎಂದಳು.

ಮಾರ್ಚ್ 8

ಅಂದಿಜಾನಿನಿಂದ ಮಗಳ ಫೋನ್. ಅಗುಳಿ ಹಾಕು ಅನ್ನುತ್ತಾಳೆ. ಹಾಕಿ ನೋಡಿದ್ದೇನೆ — ಅವಳ ಅಮ್ಮ ಮುಷ್ಟಿಯಲ್ಲಿ ಬಾಗಿಲು ಗುದ್ದಿ ಗುದ್ದಿ ಕೈ ರಕ್ತ ಮಾಡಿಕೊಂಡಳು. ಅದೂ ಅಲ್ಲದೆ, ನಮ್ಮ ಓಣಿಯಲ್ಲಿ ಹಗಲು ಅಗುಳಿ ಹಾಕಿದ ಮನೆ ಎಂದರೆ ಜನ ಬೇಡವಾದ ಮನೆ. ಹಾಗಾದರೆ ಕ್ಯಾಮೆರಾ ಹಾಕಿಸು ಎಂದಳು.

ಅಂಗಡಿಗೆ ಹೋದೆ. ಶೆರಾಲಿ ಅಂತ ಒಬ್ಬ. ಬಾಯಿ ಜೋರು, ಮನುಷ್ಯ ಒಳ್ಳೆಯವನು. ವೈರಿನದ್ದು, ವೈಫೈನದ್ದು, ಗುಂಡಗಿರುವುದು, ಉದ್ದಕ್ಕಿರುವುದು, ಕತ್ತಲಲ್ಲಿ ಕಾಣುವುದು — ಎಲ್ಲ ಮುಂದೆ ಹರಡಿದ. ಯಾರ ಮೇಲೆ ಅನುಮಾನ ಉಸ್ತಾದ್, ಕಳ್ಳರೋ ಸಾಲ ಕೊಟ್ಟವರೋ ಎಂದು ಕಣ್ಣು ಮಿಟುಕಿಸಿದ. ಹೆಂಡತಿ ಕಳೆದುಹೋಗದ ಹಾಗೆ ಎಂದೆ. ಆಮೇಲೆ ತಮಾಷೆ ಮಾಡಲಿಲ್ಲ.

ಕೊನೆಗೆ ಒಂದು ತೋರಿಸಿದ. ಮೈಕೂ ಇದೆ, ಸ್ಪೀಕರೂ ಇದೆ. ಗೇಟಿನಲ್ಲಿ ಆಡಿದ್ದು ಫೋನಿನಲ್ಲಿ ಕೇಳುತ್ತದೆ. ನಾನು ಫೋನಿನಲ್ಲಿ ಆಡಿದ್ದು ಗೇಟಿನಲ್ಲಿ ಮೊಳಗುತ್ತದೆ.

ಮೊಳಗುತ್ತದೆ! ಇದೇ ಇರಲಿ ಎಂದೆ.

ಮಾರ್ಚ್ 11, ಸಂಜೆ

ಶೆರಾಲಿ ಕ್ಯಾಮೆರಾ ಕೂರಿಸಿ ಹೋದ. ಗೇಟಿನ ಕಮಾನಿನ ಮೇಲೆ, ಹಿಪ್ಪುನೇರಳೆ ಕೊಂಬೆಯ ಪಕ್ಕ. ಏಣಿಯ ಮೇಲಿಂದಲೇ ಒಂದು ಮಾತು ಹೇಳಿದ್ದ.

"ಉಸ್ತಾದ್, ಸ್ವಲ್ಪ ಕೆಳಕ್ಕೆ ತಿರುಗಿಸ್ಲಾ? ಎದುರುಮನೆ ಬಾಗಿಲು, ಬೆಂಚು, ಅಲ್ಲಿ ಕೂರೋ ಹೆಂಗಸರು, ಎಲ್ಲಾ ಚಿತ್ರದಲ್ಲಿ ಬೀಳ್ತಿದೆ."

ಬೀಳಲಿ. ರಂಗ ಅಂದಮೇಲೆ ಪೂರ್ತಿ ಕಾಣಬೇಕು. ಈ ಮೂಲೆಯಿಂದ ಆ ಮೂಲೆಗೆ.

ಮಾರ್ಚ್ 19

ಕೆಲಸ ಮಾಡಿತು.

ಮಧ್ಯಾಹ್ನ ಹಿತ್ತಿಲಲ್ಲಿದ್ದೆ. ಫೋನ್ ಗುಂಯ್ ಅಂತು. ಯಾರಾದರೂ ಗೇಟು ದಾಟಿದರೆ ಹಾಗೆ ಎಚ್ಚರಿಸುತ್ತದೆ. ಪರದೆಯ ಮೇಲೆ ಸಲೋಮತ್ — ಹೂವಿನ ರುಮಾಲು, ಒಂದು ಕಾಲಿಗೆ ಚಪ್ಪಲಿಯಿಲ್ಲ, ಗೇಟು ದಾಟುತ್ತಿದ್ದಾಳೆ. ಬಟನ್ ಒತ್ತಿ, ಎದೆ ತುಂಬ ಉಸಿರೆಳೆದು ಕೂಗಿದೆ — "ಬಾಗಿಲು ತೆರೆಯಿರಿ…"

ನಮ್ಮ ಹಳೇ ನಾಟಕದ ಮಾತು. ಯುದ್ಧ ಸೋತ ರಾಜ ಬೇಡುವ ದೃಶ್ಯ. ಬೆಂಚಿನ ಮೇಲಿದ್ದ ಹೆಂಗಸರು ಬೆಚ್ಚಿ ಎದ್ದು ನಿಂತರು. ಸಲೋಮತ್ ಮಾತ್ರ ಬೆಚ್ಚಲಿಲ್ಲ. ತಲೆ ಎತ್ತಿ ಕ್ಯಾಮೆರಾ ನೋಡಿದಳು. ರಾಜನಿಗೆ ಮಾತು ಮರೆತಿದೆ ಎಂದುಕೊಂಡಳೋ ಏನೋ — ತುಟಿ ಅಲುಗಿಸಿ ಎತ್ತಿಕೊಟ್ಟಳು, ಅದೇ ಹಳೆಯ ಪಿಸುದನಿಯಲ್ಲಿ: "ದಾರಿ ತಪ್ಪಿದವನು ಮನೆಗೆ ಬಂದಿದ್ದಾನೆ."

ಬಂದು ಕೈ ಹಿಡಿದು ಒಳಗೆ ಕರೆದುಕೊಂಡು ಹೋದೆ. ಅತ್ತುಬಿಟ್ಟೆ, ಹೌದು. ಆದರೆ ಬಹಳ ದಿನದ ಮೇಲೆ ಸಂತೋಷಕ್ಕೆ.

ಏಪ್ರಿಲ್ 6

ಎದುರುಮನೆಯ ಹೋಜರ್ ಬಂದಳು, ನಫೋಸತ್‌ಳ ಅತ್ತೆ. ಜೊತೆಗೆ ಬೆಂಚಿನ ಗೆಳತಿಯರೆಲ್ಲ. ಅವಳ ಹುಂಜ ಕಾಣೆ. ನಿಮ್ಮ ಯಂತ್ರ ನೋಡಿರುತ್ತದಲ್ಲ, ತೋರಿಸಿ ಅಂತ.

ಮನೆ ತುಂಬ ಪ್ರೇಕ್ಷಕರು! ದೊಡ್ಡ ಟೀವಿಗೆ ಹಾಕಿದೆ. ವಾಲ್ಯೂಮ್ ಪೂರ್ತಿ. ಒಣದ್ರಾಕ್ಷಿ ಹಂಚಿದೆ. ನಡುನಡುವೆ ನಿರೂಪಣೆ ಬೇರೆ. ನಗೆಯೋ ನಗೆ.

ಆಗ ಬಂತು. ಮುಂಜಾವು. ನಫೋಸತ್ ಕಸಬರಿಗೆ ಊರಿ ನಿಂತಿದ್ದಾಳೆ, ಕಿವಿಗೆ ಫೋನ್. ಬಿಕ್ಕುತ್ತಿದ್ದಾಳೆ. ನಮ್ಮ ಟೀವಿಯಲ್ಲಿ ಆ ಹುಡುಗಿಯ ದನಿ ಗೋಡೆ ನಡುಗುವ ಹಾಗೆ:

"ಅಮ್ಮಾ, ನನ್ನ ಕರ್ಕೊಂಡು ಹೋಗು. ನನ್ ಕೈಲಾಗಲ್ಲ ಇಲ್ಲಿ."

ರಿಮೋಟ್ ಸಿಗಲಿಲ್ಲ. ದ್ರಾಕ್ಷಿ ತಟ್ಟೆಯ ಕೆಳಗೇ ಇತ್ತು.

ಹೋಜರ್ ಮೆಲ್ಲಗೆ ಎದ್ದಳು. ಬಾಗಿಲಲ್ಲಿ ನಿಂತು ಅಷ್ಟೇ ಮೆಲ್ಲಗೆ ಹೇಳಿದಳು.

"ತುರ್ಗುನಣ್ಣ, ಗೇಟಿಗೆ ಕಣ್ಣಿಟ್ರಿ, ಸರಿ. ಅತ್ತಿಗೇನ ಕಾಯೋಕೆ. ಕಿವಿ ಯಾಕೆ ಇಟ್ರಿ?"

ಏಪ್ರಿಲ್ 10

ಬೆಂಚು ಇಲ್ಲ. ಎತ್ತಿಕೊಂಡು ಹೋಗಿದ್ದಾರೆ. ನಾಲ್ಕು ಕಾಲಿನ ಗುರುತು ಮಣ್ಣಿನಲ್ಲಿ ಉಳಿದಿದೆ.

ಹೋಜರ್ ಮುಂಬಾಗಿಲು ಮುಚ್ಚಿ, ಹಿಂದಿನ ಓಣಿಗೆ ಗೋಡೆ ಒಡೆಸಿ ಬಾಗಿಲು ಇಡಿಸುತ್ತಿದ್ದಾಳೆ. ಉಳಿದ ಮನೆಯವರೂ ಸೊಸೆಯರನ್ನು ಈ ಕಡೆ ಬಿಡುತ್ತಿಲ್ಲ. ಮುಂಜಾನೆ ಪೊರಕೆ ಸದ್ದಿಲ್ಲ. ಇನ್ನು ನಮ್ಮ ಗೇಟಿನ ಮುಂದೆ ಹಿಪ್ಪುನೇರಳೆ ಹಣ್ಣು ಬಿದ್ದು ಕೊಳೆಯುವ ಕಾಲಕ್ಕೆ ಗುಡಿಸುವವರಿರುವುದಿಲ್ಲ.

ಮಾಫಿ ಕೇಳಲು ಹೋಜರ್ ಮನೆಗೆ ಹೋದೆ. ಒಳಗಿದ್ದರು. ತೆರೆಯಲಿಲ್ಲ. ಶೆರಾಲಿಗೆ ಫೋನ್ ಮಾಡಿ ಕೆಳಕ್ಕೆ ತಿರುಗಿಸಯ್ಯಾ ಎಂದೆ. ಬಂದು ತಿರುಗಿಸಿದ. "ಈಗ ತಿರುಗಿಸಿದ್ರೆ ಅವ್ರಿಗೆ ಗೊತ್ತಾಗುತ್ತಾ ಉಸ್ತಾದ್? ಕೆಳಗಿಂದ ನೋಡೋರಿಗೆ ಹಂಗೇ ಕಾಣುತ್ತೆ." ಹೌದು. ಹಾಗೇ ಕಾಣುತ್ತದೆ.

ಮೇ 2

ಬರೆಯುವಂಥದ್ದೇನೂ ನಡೆದಿರಲಿಲ್ಲ. ಗೇಟು ಹಗಲಿಡೀ ತೆರೆದೇ ಇರುತ್ತದೆ, ಯಾರೂ ಬರುವುದಿಲ್ಲ. ಸಲೋಮತ್ ಮಾತು ಕಡಿಮೆ.

ಇವತ್ತು ಒಂದು ಕರೆ. ನಾಳೆ ಬೆಳಗಿನ ಜಾವ ಮದುವೆ ಪಲಾವ್, ಹಳೇ ನಾಟಕ ಮಂದಿರದಲ್ಲಿ — ಈಗ ಅದೇ ಮದುವೆ ಹಾಲ್. ಗಂಡಸರಿಗೆಲ್ಲ ಊಟ. ಹಾರೈಕೆಯ ಮಾತು ನೀವೇ ಆಡಬೇಕು, ಮೈಕ್ ಇರುತ್ತದೆ ಎಂದರು. ಮೊದಲಾದರೆ ನಫೋಸತ್ ಇವಳ ಜೊತೆ ಬಂದು ಕೂರುತ್ತಿದ್ದಳು. ಈಗ ಯಾರನ್ನು ಕೇಳಲಿ?

ಜಾವಕ್ಕೆ ಇವಳು ನಿದ್ದೆಯಲ್ಲಿರುತ್ತಾಳೆ. ಫೋನ್ ಜೇಬಿನಲ್ಲೇ ಇರುತ್ತದೆ. ಅದೇ ರಂಗ. ಒಂದೇ ಒಂದು ಸಲ.

ಮೇ 5

ಪೊಲೀಸರು ವಿಡಿಯೋ ಕಾಪಿ ಮಾಡಿಕೊಂಡು ಹೋದರು. ಚಿತ್ರ ಬಹಳ ಸ್ಪಷ್ಟವಾಗಿದೆ, ಒಳ್ಳೆ ಕ್ಯಾಮೆರಾ ಎಂದರು. ರುಮಾಲಿನ ಹೂವು ಎಣಿಸಬಹುದು.

ಬರೆದೇಬಿಡುತ್ತೇನೆ. ಮೊನ್ನೆ ಜಾವ ಮದುವೆ ಹಾಲಿನಲ್ಲಿ ಮೈಕ್ ಹಿಡಿದಿದ್ದೆ. ಎದೆಯ ಜೇಬಿನಲ್ಲಿ ಗುಂಯ್ ಅಂತು. ಮುಗಿಸಿ ನೋಡೋಣ ಎಂದುಕೊಂಡೆ… ಜನ ತಲೆದೂಗುತ್ತಿದ್ದರು. ಮತ್ತೆ ಗುಂಯ್. ಇನ್ನೊಂದು ಮಾತು ಸೇರಿಸಿದೆ. ಇನ್ನೊಂದು.

ವಿಡಿಯೋದಲ್ಲಿ ಸಲೋಮತ್ ಗೇಟು ದಾಟಿ ನಿಲ್ಲುತ್ತಾಳೆ. ತಾನಾಗಿಯೇ ತಿರುಗಿ ಕ್ಯಾಮೆರಾ ನೋಡುತ್ತಾಳೆ. ಪಿಸುಗುಟ್ಟುತ್ತಾಳೆ: "ಬಾಗಿಲು ತೆರೆಯಿರಿ…"

ಕಾಯುತ್ತಾಳೆ. ಬಹಳ ಹೊತ್ತು ಕಾಯುತ್ತಾಳೆ. ಮೇಲಿನಿಂದ ದನಿಯಿಲ್ಲ. ಇನ್ನೊಮ್ಮೆ ಎತ್ತಿಕೊಡುತ್ತಾಳೆ, ಸ್ವಲ್ಪ ಗಟ್ಟಿಯಾಗಿ. ಆಮೇಲೆ ರುಮಾಲು ಸರಿಮಾಡಿಕೊಂಡು ಎಡಕ್ಕೆ ನಡೆಯುತ್ತಾಳೆ. ಕಾಲುವೆಯ ಕಡೆಗೆ. ಗೇಟಿನ ಮುಂದಿನ ನೆಲ ಬೆಳ್ಳಗೆ ಖಾಲಿ. ಒಂದು ಪೊರಕೆ ಇಲ್ಲ.

ಮೇ 8, ಸಂಜೆ

ಕಾಲುವೆಯಲ್ಲಿ ಒಂದು ಚಪ್ಪಲಿ. ಅವಳದೇ. ಅಂದಿಜಾನಿನಿಂದ ಬಂದ ಮಗಳು ಅಳುತ್ತಾ ದಡದಲ್ಲೇ ಕೂತಿದ್ದಾಳೆ, ಏಳು ಎಂದರೆ ಏಳುವುದಿಲ್ಲ. ಹುಡುಕುವವರು ಕೆಳಗಿನ ತೂಬಿನವರೆಗೆ ಹೋಗಿ ಬಂದರು. ನನ್ನ ಮುಖ ನೋಡದೆ ಮಾತಾಡುತ್ತಾರೆ.

ಹೋಜರ್ ಬಂದಳು. ಸೂಪ್ ತಂದಿದ್ದಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ಆ ಹೊತ್ತಲ್ಲಿ ನಫೋಸತ್ ಹಿಂದಿನ ಓಣೀಲಿ ಗುಡಿಸ್ತಿದ್ಲು, ತುರ್ಗುನಣ್ಣ," ಎಂದಳು. ಅಷ್ಟೇ. ಬಟ್ಟಲು ಇಟ್ಟು ಹೋದಳು.

ಸಭಿಕರೇ. ಖಾಲಿ ಬಾಲ್ಕನಿಯವರೇ. ಬರುವುದಿಲ್ಲ ಅವಳು, ನನಗೆ ಗೊತ್ತು. ಆದರೂ ಕೇಳಿ. ನಾಳೆ ಬೆಳಗ್ಗೆ, ಸೊಸೆಯರು ಗುಡಿಸುವ ಹೊತ್ತಿಗೆ, ಆ ಕಣ್ಣು ಕಿವಿ ಎರಡನ್ನೂ ಕಿತ್ತು ಕೆಳಗಿಡುತ್ತೇನೆ. ಮರ್ಗಿಲಾನಿನ ರಾಜ ನಾನು, ಕಸಬರಿಗೆ ಹಿಡಿದು ಬೀದಿಗೆ ಇಳಿಯುತ್ತೇನೆ. ನಗುವವರು ನಗಲಿ. ನಮ್ಮ ಗೇಟಿನಿಂದ ಕಾಲುವೆಯವರೆಗೆ ಗುಡಿಸುತ್ತೇನೆ, ದಡದಲ್ಲಿ ನಿಂತು, ಅವಳು ಎರಡು ಸಲ ಎತ್ತಿಕೊಟ್ಟ ಮಾತಿನ ಉಳಿದರ್ಧವನ್ನು ಮೈಕಿಲ್ಲದೆ ಹೇಳಿ ಮುಗಿಸುತ್ತೇನೆ: ದಾರಿ ತಪ್ಪಿದವನು ಮನೆಗೆ ಬಂದಿದ್ದಾನೆ.