ಅರ್ಧಕ್ಕೆ ನಿಂತ ಮಾತು

ಮಹಾಚಾಯ್, ಅಮಾವಾಸ್ಯೆಯ ಮಾರನೇ ದಿನ

...ಅದೂ ಅಲ್ದೆ ನನ್ನ ಬೂಟು ತೂತು, ಐಸ್ ನೀರೆಲ್ಲ ಒಳಗೆ, ಮೇಸ್ತ್ರಿ ಬೇರೆ ಬೆಳಿಗ್ಗೆಯಿಂದ ಬೆನ್ನ ಹಿಂದೇನೇ. ನೋಡು, ಕ್ಷೇಮ ಕೇಳೋಕೆ ಮುಂಚೇನೇ ಗೋಳು ಶುರು ಮಾಡಿದೆ. ಅಮೇ, ಹೇಗಿದ್ದೀಯ? ಮಂಡಿನೋವು? ಧ್ಯಾನಕ್ಕೆ ಕೂತು ಕಾಲು ಹಿಡ್ಕೊಂಡ್ರೆ ಮನಸ್ಸಲ್ಲೇ 'ನೋವು, ನೋವು' ಅಂದ್ಕೊಂಡು ಸುಮ್ನೆ ನೋಡ್ತಿರ್ತೀಯ ಅಂತ ಗೊತ್ತು. ಸ್ವಲ್ಪ ಎಣ್ಣೇನೂ ಹಚ್ಕೋ. ಹುಣ್ಣಿಮೆವರೆಗೂ ನೀನು ಮೌನ, ನಿನ್ನ ಫೋನು ವಿಹಾರದ ಸನ್ಯಾಸಿನಿ ಹತ್ರ. ನಾನು ದನಿ ರೆಕಾರ್ಡ್ ಮಾಡಿ ಕಳಿಸಿದ್ದೆಲ್ಲ ಅದರೊಳಗೆ ರಾಶಿ ಬೀಳುತ್ತೆ. ಆದ್ರೂ ಹೇಳ್ದೆ ಇದ್ರೆ ನಿದ್ದೆ ಬರಲ್ಲ. ಕೋಣೆಯೋರೆಲ್ಲ ಮಲಗಿದ್ದಾರೆ, ಅದಕ್ಕೇ ಪಿಸುಮಾತು.

ಕೋ ಪ್ಯೆ ಗೊತ್ತಲ್ಲ, ಕೆಲಸಕ್ಕೆ ಜನ ಸಾಗಿಸೋ ದಲ್ಲಾಳಿ. ನಾಳೆ ಬೆಳಿಗ್ಗೆ ಮಲೇಷ್ಯಾ ಕಡೆಯ ಮೀನುಬೋಟಿಗೆ ಹುಡುಗರನ್ನ ಕರ್ಕೊಂಡು ಹೋಗ್ತಾನೆ. ಹತ್ತಿದ್ರೆ ಎಷ್ಟೋ ತಿಂಗಳು ದಡ ಇಲ್ಲ, ಫೋನೂ ಇಲ್ಲ. ನಾನು ಅರ್ಧ ಒಪ್ಕೊಂಡಿದ್ದೆ. ನನ್ನ ಬುದ್ಧಿ ನಿಂಗೊತ್ತಲ್ಲ, ನಮ್ಮೂರು ಮುಡೋನಲ್ಲಿದ್ದಾಗ ಮಹಾಚಾಯ್ ಅಂತ ಹಾರಾಡಿದೆ, ಗಡಿ ದಾಟಿ ಇಲ್ಲಿಗೆ ಬಂದ್ಮೇಲೆ ಮಲೇಷ್ಯಾ. ಚಿಕ್ಕೋನಿದ್ದಾಗ ಬೆಳಿಗ್ಗೆ ಮೊಹಿಂಗಾ ಮೀನುಸಾರಿನ ಬಟ್ಟಲು ಬಾಯಿಗಿಟ್ಕೊಂಡೇ 'ರಾತ್ರಿಗೇನು ಅಡುಗೆ' ಅಂತಿದ್ನಲ್ಲ, ಅದೇ ನಾನು. ನೀನು ಮೌನಕ್ಕೆ ಕೂರೋ ದಿನ ಹೋಗ್ಲಾ ಬೇಡ್ವಾ ಅಂತ ಕೇಳಿ ಕಳಿಸಿದ್ದೆ. ಫೋನು ಒಪ್ಪಿಸೋ ಗಡಿಬಿಡಿಯಲ್ಲಿ ಉತ್ತರ ಹೇಳಿದ್ದೀಯ, ರೆಕಾರ್ಡ್ ಗುಂಡಿಯಿಂದ ಬೆರಳು ಜಾರಿರಬೇಕು. "ಮಗಾ, ಥದಿ..." ಅಷ್ಟೇ. ಮುಂದೆ ಇಲ್ಲ.

ಥದಿ ಏನಮ್ಮಾ? ಥದಿ ಥಾ ಅಂತಿದ್ರೆ ಹುಷಾರಾಗಿರು, ಅಂದ್ರೆ ಹೋಗಿಬಾ. ಥದಿ ಯಾ ಅಂತಿದ್ರೆ ನಿನ್ನ ನೆನಪಾಗ್ತಿದೆ, ಅಂದ್ರೆ ಹೋಗ್ಬೇಡ. ಇವತ್ತು ಸೀಗಡಿ ಸುಲೀತಾ ತಲೇಲೆಲ್ಲ ಇದೇ. ಚಾಕು ಜಾರಿ ಹೆಬ್ಬೆರಳು ಕುಯ್ಕೊಂಡೆ. ಗಾಬರಿಯಾಗ್ಬೇಡ, ಚಿಕ್ಕ ಗಾಯ. ಪಕ್ಕದಲ್ಲಿ ನಿಲ್ಲೋ ಮಿ ಛಾನ್ ದೊಡ್ಡಮ್ಮ ನೋಡಿದಳು.

"ಸೀಗಡಿ ಇಲ್ಲಿದೆ, ಬೆರಳು ಇಲ್ಲಿದೆ. ನೀನೆಲ್ಲಿದ್ದೀಯೋ?"

ಮಲೇಷ್ಯಾದಲ್ಲಿ ಅಂದೆ.

"ಹಂಗಾದ್ರೆ ರಕ್ತಾನೂ ಅಲ್ಲೇ ಸುರಿಸು. ನನ್ನ ಬುಟ್ಟಿ ಯಾಕೆ ಕೆಡಿಸ್ತೀಯ?"

ಬೈತಾನೇ ಬಟ್ಟೆ ಹರಿದು ಕಟ್ಟಿದಳು. ಊಟದ ಹೊತ್ತಲ್ಲಿ ಫೋನಲ್ಲಿದ್ದ ನಿನ್ನ ಮಾತು ಅವಳಿಗೆ ಕೇಳಿಸಿದೆ. ಥದಿ ಯಾ ಅನ್ನೋದೇ, ತಾಯಿ ದನಿ ನಂಗೊತ್ತಾಗಲ್ವಾ ಅಂದಳು. ಎದುರು ಮೇಜಿನೋರು ಥದಿ ಥಾ ಅಂತ ಹಟ ಹಿಡಿದ್ರು. ನಿನ್ನ ಒಂದು ಮಾತಿಗೆ ಇಡೀ ಶೆಡ್ಡಲ್ಲಿ ಜಗಳ ಅಮೇ, ಅನ್ನ ಆರಿಹೋಯ್ತು.

ಆಮೇಲೆ ಬೆರಳು ಕಟ್ಟಿದ್ರಿಂದ ಅವಸರ ಮಾಡೋಕಾಗ್ಲಿಲ್ಲ. ಒಂದು ಸೀಗಡಿ ಎತ್ಕೋ, ತಲೆ ತೆಗಿ, ಸಿಪ್ಪೆ ಬಿಡಿಸು, ಬೆನ್ನಿನ ಕಪ್ಪು ನರ ಎಳಿ. ಮತ್ತೊಂದು. ಸ್ವಲ್ಪ ಹೊತ್ತಾದ್ಮೇಲೆ ಗೊತ್ತಾಯ್ತು, ನಾನು ನಿನ್ನ ಥರಾನೇ ಒಳಗೊಳಗೆ 'ಚಳಿ, ಚಳಿ' ಅಂತಿದ್ದೆ. ಸೀಗಡಿಗೆ ಇಷ್ಟು ಚೆನ್ನಾದ ಬಣ್ಣ ಇದೆ ಅಂತ ಇಷ್ಟು ದಿನ ನೋಡೇ ಇರಲಿಲ್ಲ. ಮಲೇಷ್ಯಾ ಎಲ್ಲೋ ಹೋಯ್ತು. ಅಷ್ಟರಲ್ಲಿ, ಯಾರೂ ಕರೀದೇನೇ, ನೀನು ಬಂದೆ. ಕೆನ್ನೆಗೆ ಹಚ್ಚೋ ಥನಾಖಾ ತೊಗಟೆ ತೇಯ್ತಾ ಕಲ್ಲಿನ ಮುಂದೆ ಕೂತಿದ್ದೆ, ಆ ಗರಗರ ಸದ್ದಿನ ಸಮೇತ. ಇಷ್ಟು ದಿನ ಫೋನಲ್ಲಿ ನಿನ್ನ ನೆನಪಾಗ್ತಿದೆ ಅಂತ ಬಾಯಿಮಾತಿಗೆ ಅಂತಿದ್ದೆ. ಇವತ್ತು ನಿಜವಾಗ್ಲೂ ಆಯ್ತು. ಎಚ್ಚರಕ್ಕೂ ನೆನಪಿಗೂ ಥದಿ ಅನ್ನೋ ಒಂದೇ ಮಾತು ಯಾಕಿದೆ ಅಂತ ಐಸಲ್ಲಿ ಕೈಯಿಟ್ಟು ನಿಂತಾಗ ಹೊಳೀತು.

ಸನ್ಯಾಸಿನಿ ಅಮ್ಮನಿಗೆ ನನ್ನ ನಮಸ್ಕಾರ. ಇಲ್ಲಿಂದ್ಲೇ ನಿನ್ನ ಪಾದಕ್ಕೆ ತಲೆ ಮುಟ್ಟಿಸಿದ್ದೀನಿ ಅಂದ್ಕೋ. ಹೊಟ್ಟೆ ತುಂಬ ಉಣ್ಣು, ಮಧ್ಯಾಹ್ನ ದಾಟಿದ್ರೆ ನಿಂಗೆ ಊಟ ಇಲ್ಲ.

ನಿನ್ನ ಜೆಯಾ

ಇನ್ನೊಂದು, ಬೇಗ ಹೇಳ್ಬಿಡ್ತೀನಿ, ಚಾರ್ಜ್ ಮುಗೀತಿದೆ. ಸಂಜೆ ಕೋ ಪ್ಯೆಗೆ ಬರಲ್ಲ ಅಂದೆ. ತುಂಬ ಬೈದ, ಬೈಸ್ಕೊಂಡೆ. ನೀನು ಹೇಳಬೇಕಿದ್ದಿದ್ದು ಹೋಗು ಅಂತಲೇ ಆಗಿದ್ರೂ ಪರವಾಗಿಲ್ಲ, ಆದ್ರೆ ಮಾತು ಮುಗಿಸು, ನಿನ್ನ ಬಾಯಿಂದ್ಲೇ ಕೇಳ್ಬೇಕು. ಇಲ್ಲಿನ ಗಡಿಯಾರ ನಿಮ್ಮದಕ್ಕಿಂತ ಅರ್ಧ ಗಂಟೆ ಮುಂದೆ, ನನ್ನ ಹಾಗೇನೇ. ಹುಣ್ಣಿಮೆ ದಿನ ಆ ಅರ್ಧ ಗಂಟೆ ಕಾಯ್ತೀನಿ. ಬೆಳಿಗ್ಗೆ ಫೋನು ಕೈಗೆ ಬಂದ ತಕ್ಷಣ ಹತ್ರ ಇಟ್ಕೊಂಡಿರು. ಏಳು ಗಂಟೆಗೆ ಫೋನು ಮಾಡ್ತೀನಿ, ನಿನ್ನ ಗಡಿಯಾರದ ಏಳಕ್ಕೆ.